ನರಕೋಶದ ತೂಬುಗಳೂ ಅವುಗಳ ನೀರುಗಂಟಿಗಳೂ

ನರಕೋಶದ ಬದುಕೆಲ್ಲ ತೂಬುಗಳನ್ನು ತೆರೆಯುವುದರಲ್ಲೂ ಮುಚ್ಚುವುದರಲ್ಲೂ ಕಳೆಯುತ್ತದೆ. ಈಗ ನಾನು ಆಡುತ್ತಿರುವ ಮಾತು ನಿಮ್ಮ ಕಿವಿಯಿಂದ ಮಿದುಳಿಗೆ ಮುಟ್ಟುವುದು, ಕಾಲಿಗೆ ಮುಳ್ಳು ತಗುಲಿದೊಡನೆ ನೀವು ಕಾಲನ್ನು ಹಿಂದಕ್ಕೆಳೆದುಕೊಳ್ಳುವುದು, ಎಂದೋ ಬಾಯಿಪಾಠ ಮಾಡಿದ್ದ ಪದ್ಯವೊಂದು ಕರೆಯದೆಯೇ ನಾಲಗೆಗೆ ಬರುವುದು, ಇವೆಲ್ಲದರ ತಳದಲ್ಲಿ ನಡೆಯುತ್ತಿರುವ ಕಾರ್ಯ ಅದೊಂದೇ. ಈ ತೂಬುಗಳಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ಅಯಾನು ನಾಲೆಗಳು ಎಂದು. ನಾಲೆಗಳ ವಿಷಯವನ್ನು ಪಠ್ಯಪುಸ್ತಕಗಳು ಸಾಕಷ್ಟು ಹೇಳುತ್ತವೆ. ಆದರೆ ನಮ್ಮ ಹಳ್ಳಿಯ ಕೆರೆಯ ತೂಬಿಗೆ ನೀರುಗಂಟಿಯೊಬ್ಬನಿದ್ದಂತೆ, ನರಕೋಶದ ತೂಬುಗಳ ಮಗ್ಗುಲಲ್ಲಿಯೂ ಕೆಲವು ಸಣ್ಣ ಪ್ರೋಟೀನುಗಳು ನಿಂತಿವೆ. ತೂಬು ಎಲ್ಲಿ ಇರಬೇಕು, ಎಷ್ಟು ಬೇಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದರಲ್ಲಿ ಅವುಗಳ ಕೈವಾಡ ಬಹಳ. ಇವು ಸಹಾಯಕ ಪ್ರೋಟೀನುಗಳೆಂದು ಹೆಸರಾಗಿವೆ. ಇಂದಿನ ಮಾತು ಇವುಗಳನ್ನು ಕುರಿತದ್ದು. ಕನ್ನಡ ಕಲಿಸಿ ನಿವೃತ್ತನಾದವನಿಗೆ ಈ ವಿಷಯವೇಕೆ ಎಂದು ಕೇಳುವವರಿಗೆ ಉತ್ತರ ಮುಂದೆ ತಾನಾಗಿ ದೊರೆಯುತ್ತದೆ.

ಅಡಿಗೆಯ ಉಪ್ಪನ್ನು ನೀರಿಗೆ ಹಾಕಿದರೆ ಅದು ಕರಗಿ ಕಾಣದಾಗುತ್ತದೆ. ಆಗ ಅದರೊಳಗಿನ ಸೋಡಿಯಂ ಮತ್ತು ಕ್ಲೋರಿನ್ ಬೇರೆಬೇರೆಯಾಗಿ, ಒಂದು ಧನ ವಿದ್ಯುತ್ತನ್ನೂ ಇನ್ನೊಂದು ಋಣ ವಿದ್ಯುತ್ತನ್ನೂ ಹೊತ್ತು ತಿರುಗುತ್ತವೆ. ಹೀಗೆ ವಿದ್ಯುತ್ತನ್ನು ಹೊತ್ತ ಕಣವೇ ಅಯಾನು. ನಮ್ಮ ದೇಹದ ನೀರೆಲ್ಲ ಇಂಥ ಉಪ್ಪುನೀರೇ. ಆದರೆ ನರಕೋಶದ ಹೊರಗಣ ನೀರಿನಲ್ಲಿ ಸೋಡಿಯಂ ಹೆಚ್ಚು. ಒಳಗಣ ನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಎರಡರ ನಡುವೆ ಕೊಬ್ಬಿನಿಂದಾದ ತೆಳುವಾದ ಪೊರೆ. ಅದರ ದಪ್ಪ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಪಾಲಿನಷ್ಟು. ನರಕೋಶ ಸುಮ್ಮನಿರುವಾಗ ಪೊರೆಯ ಒಳಮೈ ಹೊರಮೈಗಿಂತ ಸುಮಾರು ೭೦ ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಇದು ಅತ್ಯಲ್ಪವೆಂದು ತೋರಬಹುದು. ಆದರೆ ಅಷ್ಟು ತೆಳ್ಳಗಿನ ಪೊರೆಗೆ ಅಷ್ಟು ವೋಲ್ಟೇಜು ಎಂದರೆ, ಒಂದು ಸೆಂಟಿಮೀಟರಿಗೆ ಒಂದು ಲಕ್ಷ ವೋಲ್ಟಿಗೂ ಮಿಕ್ಕ ಒತ್ತಡವೆಂದು ಲೆಕ್ಕವಾಗುತ್ತದೆ. ತುಂಬಿದ ಕೆರೆಯ ಏರಿಯ ಮೇಲೆ ನೀರು ಒತ್ತಿಕೊಂಡಿರುವಂತೆ ಈ ಪೊರೆಯ ಮೇಲೆ ಅಯಾನುಗಳ ಒತ್ತಡ ಸದಾ ಇರುತ್ತದೆ.

ಕೊಬ್ಬಿನ ಪೊರೆಯ ಮೂಲಕ ಅಯಾನು ತೂರಿಹೋಗಲಾರದು. ಅದು ಹೋಗಬೇಕಾದರೆ ಪೊರೆಯಲ್ಲಿ ನಾಟಿಕೊಂಡಿರುವ ಪ್ರೋಟೀನಿನ ತೂಬು ತೆರೆಯಬೇಕು. ಸೋಡಿಯಂ ತೂಬುಗಳು ತೆರೆದೊಡನೆ ಹೊರಗಿನ ಸೋಡಿಯಂ ಒಳಕ್ಕೆ ನುಗ್ಗುತ್ತದೆ. ಒಳಮೈ ಕ್ಷಣಕಾಲ ಧನವಾಗುತ್ತದೆ. ಆ ಬದಲಾವಣೆಯಿಂದಲೇ ಮಗ್ಗುಲಿನ ತೂಬುಗಳು ತೆರೆಯುತ್ತವೆ. ಅವುಗಳಿಂದ ಅವುಗಳ ಮಗ್ಗುಲಿನವು. ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಸೋಡಿಯಂ ತೂಬುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಹಿಂದೆಯೇ ಪೊಟ್ಯಾಸಿಯಂ ತೂಬುಗಳು ತೆರೆದು ಪೊಟ್ಯಾಸಿಯಂ ಹೊರಕ್ಕೆ ಹರಿಯುವುದರಿಂದ ಮೊದಲಿನ ಸ್ಥಿತಿ ಮರಳುತ್ತದೆ. ಹೀಗೆ ನರದ ಉದ್ದಕ್ಕೂ ಅಲೆಯಂತೆ ಸಾಗುವುದೇ ನಾವು ನರದ ಸಂದೇಶ ಎನ್ನುವುದು.

ಈ ಸಂಗತಿ ಲೆಕ್ಕಕ್ಕೆ ಸಿಕ್ಕಿದ್ದು ಒಂದು ಕಡಲ ಪ್ರಾಣಿಯ ಪುಣ್ಯದಿಂದ. ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ಗೆ ಒಂದು ವಿಶೇಷವಾದ ನರತಂತುವಿದೆ. ಅದರ ದಪ್ಪ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನವರೆಗೆ. ಮನುಷ್ಯನ ನರತಂತುವಿನ ಎದುರಿಗೆ ಇದು ಹಗ್ಗವೇ ಸರಿ. ಇಂಗ್ಲೆಂಡಿನ ಪ್ಲಿಮತ್ ಎಂಬ ಕಡಲೂರಿನಲ್ಲಿ ೧೯೩೯ರಲ್ಲಿ ಅಲನ್ ಹಾಡ್ಜ್‌ಕಿನ್ ಮತ್ತು ಆಂಡ್ರೂ ಹಕ್ಸ್‌ಲಿ ಎಂಬಿಬ್ಬರು ಆ ತಂತುವಿನೊಳಕ್ಕೆ ವಿದ್ಯುದ್ವಾಹಕವನ್ನು ತೂರಿಸಿ ಸಂದೇಶದ ವೋಲ್ಟೇಜನ್ನು ಅಳೆದರು. ಅಷ್ಟರಲ್ಲಿ ಮಹಾಯುದ್ಧ ಬಂದು ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ಮತ್ತೆ ಕೈಹಚ್ಚಿ ೧೯೫೨ರಲ್ಲಿ ಅವರು ಪ್ರಕಟಿಸಿದ ಲೇಖನಗಳು ಇಂದಿಗೂ ನರಶಾಸ್ತ್ರದ ತಳಹದಿ. ಆ ಲೆಕ್ಕಗಳನ್ನು ಹಕ್ಸ್‌ಲಿ ಕೈಯಿಂದ ತಿರುಗಿಸುವ ಗಣನಯಂತ್ರದಲ್ಲಿ ವಾರಗಟ್ಟಲೆ ಕುಳಿತು ಮಾಡಿದರು. ೧೯೬೩ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂತು. ಆಗ ತೂಬುಗಳನ್ನು ಕಂಡವರು ಯಾರೂ ಇರಲಿಲ್ಲ; ಅವು ಇರಲೇಬೇಕೆಂದು ಲೆಕ್ಕ ಹೇಳುತ್ತಿತ್ತು, ಅಷ್ಟೆ. ೧೯೭೬ರಲ್ಲಿ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಎಂಬ ಜರ್ಮನ್ ವಿಜ್ಞಾನಿಗಳು ಗಾಜಿನ ಅತಿ ಸೂಕ್ಷ್ಮವಾದ ನಳಿಗೆಯ ಬಾಯನ್ನು ಪೊರೆಗೆ ಒತ್ತಿ ಹಿಡಿದು, ಒಂದೇ ಒಂದು ತೂಬಿನ ಮೂಲಕ ಹರಿಯುವ ವಿದ್ಯುತ್ತನ್ನು ಅಳೆದು ತೋರಿಸಿದರು. ಒಂದು ತೂಬಿನಲ್ಲಿ ಸೆಕೆಂಡಿಗೆ ಒಂದು ಕೋಟಿಯಷ್ಟು ಅಯಾನುಗಳು ಹಾದುಹೋಗಬಲ್ಲವು. ೧೯೯೮ರಲ್ಲಿ ಅಮೆರಿಕದ ರೋಡರಿಕ್ ಮೆಕಿನನ್, ಬ್ಯಾಕ್ಟೀರಿಯವೊಂದರ ಪೊಟ್ಯಾಸಿಯಂ ತೂಬಿನ ಆಕಾರವನ್ನು ಕ್ಷಕಿರಣಗಳ ನೆರವಿನಿಂದ ಬಿಡಿಸಿ ತೋರಿಸಿದರು.

ಇದು ತೂಬಿನ ಕಥೆ. ಇನ್ನು ನೀರುಗಂಟಿಯ ಕಥೆ.

ಮಿದುಳಿನ ಪೊರೆಯಲ್ಲಿರುವ ಸಾವಿರಾರು ಬಗೆಯ ಪ್ರೋಟೀನುಗಳ ನಡುವೆ ಸೋಡಿಯಂ ತೂಬನ್ನು ಹುಡುಕಿ ತೆಗೆಯುವುದು ಹೇಗೆ? ಅಮೆರಿಕದ ಸಿಯಾಟಲ್ ನಗರದಲ್ಲಿದ್ದ ವಿಲಿಯಂ ಕ್ಯಾಟರಾಲ್ ಇದಕ್ಕೆ ಚೇಳಿನ ವಿಷವನ್ನು ಗಾಳವಾಗಿ ಬಳಸಿದರು. ಚೇಳಿನ ವಿಷದಲ್ಲಿ ಸೋಡಿಯಂ ತೂಬಿಗೇ ಹೋಗಿ ಕಚ್ಚಿಕೊಳ್ಳುವ ಅಂಶವೊಂದಿದೆ. ಅದಕ್ಕೆ ಗುರುತು ಹಚ್ಚಿ, ಬೆಳಕು ಬಿದ್ದೊಡನೆ ಬಿಡದಂತೆ ಅಂಟಿಕೊಳ್ಳುವ ಹಾಗೆ ಮಾಡಿ, ಮಿದುಳಿನ ಪೊರೆಯ ಮೇಲೆ ಪ್ರಯೋಗಿಸಿದರು. ೧೯೮೦ರಲ್ಲಿ ಬಂದ ಫಲ ವಿಚಿತ್ರವಾಗಿತ್ತು. ಗಾಳಕ್ಕೆ ಒಂದು ಮೀನು ಬೀಳುವ ಬದಲು ಎರಡು ಬಿದ್ದಿದ್ದವು: ಒಂದು ಬಹು ದೊಡ್ಡದು, ಇನ್ನೊಂದು ಅದರ ಏಳೆಂಟನೆಯ ಒಂದು ಪಾಲಿನಷ್ಟು ತೂಕದ್ದು. ದೊಡ್ಡದಕ್ಕೆ ಆಲ್ಫಾ ಎಂದೂ ಸಣ್ಣದಕ್ಕೆ ಬೀಟಾ ಎಂದೂ ಹೆಸರಾಯಿತು. ಮುಂದೆ ಬೀಟಾ ಒಂದಲ್ಲ, ಹಲವು ಎಂದು ತಿಳಿಯಿತು.

ಆದರೆ ಸಣ್ಣವರಿಗೆ ಸಲ್ಲಬೇಕಾದ ಮನ್ನಣೆ ಬೇಗ ಸಲ್ಲಲಿಲ್ಲ. ಜಪಾನಿನ ಕ್ಯೋಟೋ ನಗರದ ಶೋಸಾಕು ನೂಮಾ ಮತ್ತು ಅವರ ಸಂಗಡಿಗರು ೧೯೮೪ರಲ್ಲಿ ವಿದ್ಯುತ್ ಹಾವುಮೀನಿನ ಆಲ್ಫಾದ ೧೮೨೦ ಅಮೈನೋ ಆಮ್ಲಗಳ ಸರಣಿಯನ್ನು ಓದಿದರು. ಎರಡು ವರ್ಷಗಳ ಬಳಿಕ ಇಲಿಯ ಮಿದುಳಿನ ಆಲ್ಫಾ ಒಂದನ್ನೇ ಕಪ್ಪೆಯ ಮೊಟ್ಟೆಯೊಳಗೆ ತಯಾರಾಗುವಂತೆ ಮಾಡಿ ನೋಡಿದಾಗ, ಅದು ಯಾರ ಹಂಗೂ ಇಲ್ಲದೆ ಸೋಡಿಯಮ್ಮನ್ನು ಒಳಕ್ಕೆ ಬಿಟ್ಟುಕೊಂಡಿತು. ಹಾಗಾದರೆ ಬೀಟಾ ಇದ್ದರೇನು, ಬಿಟ್ಟರೇನು? ಆದರೆ ಆ ಅಳತೆಗಳಲ್ಲಿ ಒಂದು ಕೊರತೆ ಇತ್ತು. ಒಂಟಿ ಆಲ್ಫಾ ತೆರೆಯುತ್ತಿತ್ತು, ಮುಚ್ಚಲು ಮಾತ್ರ ತಡಮಾಡುತ್ತಿತ್ತು. ೧೯೯೨ರಲ್ಲಿ ಕ್ಯಾಟರಾಲ್ ಅವರ ಬಳಗದ ಲೋರಿ ಐಸಮ್ ಮೊದಲಾದವರು ಬೀಟಾವನ್ನೂ ಮೊಟ್ಟೆಗೆ ಸೇರಿಸಿದೊಡನೆ ತೂಬು ಹಲವು ಪಟ್ಟು ಚುರುಕಾಗಿ ಮುಚ್ಚತೊಡಗಿತು. ಹರಿಯುವ ವಿದ್ಯುತ್ತೂ ಹೆಚ್ಚಿತು.

ಇಲ್ಲಿ ನನ್ನ ಕಸುಬಿನ ಒಂದು ಉದಾಹರಣೆ ಕೊಡುವ ಸ್ವಾತಂತ್ರ್ಯವನ್ನು ವಹಿಸುತ್ತೇನೆ. ಕನ್ನಡದಲ್ಲಿ ‘ಹೇಳಿದನು’ ಎಂಬುದು ತನ್ನಷ್ಟಕ್ಕೆ ಪೂರ್ಣವಾದ ಕ್ರಿಯಾಪದ. ಆದರೆ ನಾವು ಆಡುವ ಮಾತಿನಲ್ಲಿ ಅದು ಎಷ್ಟು ಸಲ ಒಂಟಿಯಾಗಿರುತ್ತದೆ? ‘ಹೇಳಿಬಿಟ್ಟನು’ ಎಂದರೆ ತಡೆಯಲಾರದೆ ಹೊರಹಾಕಿದ. ‘ಹೇಳಿಕೊಂಡನು’ ಎಂದರೆ ತನ್ನ ದುಃಖವನ್ನೋ ಜಂಬವನ್ನೋ ತೋಡಿಕೊಂಡ. ‘ಹೇಳಿಕೊಟ್ಟನು’ ಎಂದರೆ ಕಲಿಸಿದ. ‘ಹೇಳಿನೋಡಿದನು’ ಎಂದರೆ ಕೇಳುವರೋ ಇಲ್ಲವೋ ಎಂದು ಪರೀಕ್ಷಿಸಿದ. ಹೇಳುವ ಕ್ರಿಯೆ ಎಲ್ಲ ಕಡೆಯೂ ಒಂದೇ. ಬಿಡು, ಕೊಳ್ಳು, ಕೊಡು, ನೋಡು ಎಂಬ ಸಹಾಯಕ ಧಾತುಗಳು ಬಂದು ಸೇರಿದುದರಿಂದ ಅದರ ವೇಗ, ದಿಕ್ಕು, ಉದ್ದೇಶಗಳೇ ಬದಲಾದವು. ವಾಕ್ಯಕ್ಕೆ ವ್ಯಾಕರಣದ ಅಗತ್ಯ ‘ಹೇಳಿದನು’ ಒಂದರಿಂದಲೇ ತೀರುತ್ತದೆ. ಬದುಕಿನ ಅಗತ್ಯ ತೀರುವುದಿಲ್ಲ. ಕಪ್ಪೆಯ ಮೊಟ್ಟೆಯಲ್ಲಿ ಒಂಟಿ ಆಲ್ಫಾ ಕೆಲಸ ಮಾಡಿದ್ದು ವ್ಯಾಕರಣದ ದೃಷ್ಟಿಯಿಂದ ಸರಿಯಾದ ವಾಕ್ಯ. ಮಿದುಳು ಆಡುವ ಮಾತು ಬೇರೆ.

ನೀರುಗಂಟಿಯ ಹೋಲಿಕೆಗೂ ಒಂದು ಮಿತಿಯನ್ನು ಹಾಕಬೇಕು. ನೀರುಗಂಟಿ ತನ್ನ ಕೈಯಿಂದಲೇ ತೂಬನ್ನು ಎತ್ತುತ್ತಾನೆ. ನರಕೋಶದಲ್ಲಿ ತೂಬನ್ನು ತೆರೆಯುವುದು ಪೊರೆಯ ವೋಲ್ಟೇಜು, ಇಲ್ಲವೆ ಬಂದು ಕೂಡುವ ರಾಸಾಯನಿಕ. ಸಹಾಯಕನದು ಅದನ್ನು ಹದಗೊಳಿಸುವ ಕೆಲಸ. ಇದನ್ನು ಸ್ಥೂಲವಾಗಿ ಮೂರು ಬಗೆಯೆನ್ನಬಹುದು. ತೂಬನ್ನು ಕೋಶದೊಳಗಣ ಕಮ್ಮಟದಿಂದ ಪೊರೆಯ ತಕ್ಕ ಸ್ಥಳಕ್ಕೆ ಒಯ್ದು ನಿಲ್ಲಿಸುವುದು ಒಂದು. ಅದು ತೆರೆಯುವ ಮುಚ್ಚುವ ಕಾಲವನ್ನು ತಿದ್ದುವುದು ಎರಡು. ಕೋಶದೊಳಗೆ ಏನು ನಡೆದಿದೆ ಎಂಬ ಸುದ್ದಿಯನ್ನು ತೂಬಿಗೆ ಮುಟ್ಟಿಸುವುದು ಮೂರು.

ಒಂದು ಸಣ್ಣ ಸಹಾಯಕ ಕೆಟ್ಟರೆ ಎಂಥ ಅನರ್ಥವಾಗುತ್ತದೆಂಬುದಕ್ಕೆ ೧೯೯೮ರಲ್ಲಿ ಆಸ್ಟ್ರೇಲಿಯದಿಂದ ಸಾಕ್ಷ್ಯ ಬಂತು. ಅಲ್ಲಿಯ ಒಂದು ದೊಡ್ಡ ಕುಟುಂಬದಲ್ಲಿ ತಲೆಮಾರಿನಿಂದ ತಲೆಮಾರಿಗೆ ಮಕ್ಕಳಿಗೆ ಜ್ವರ ಬಂದಾಗ ಸೆಳೆತ ಬರುತ್ತಿತ್ತು. ಕೆಲವರಿಗೆ ಅದು ಬಾಲ್ಯ ಕಳೆದರೂ ನಿಲ್ಲದೆ ಮೂರ್ಛೆರೋಗವಾಗಿ ಉಳಿಯುತ್ತಿತ್ತು. ಕಾರಣವನ್ನು ಹುಡುಕುತ್ತ ಹೋದ ವೈದ್ಯವಿಜ್ಞಾನಿಗಳಿಗೆ ಸಿಕ್ಕಿದ್ದು ಸೋಡಿಯಂ ತೂಬಿನ ದೋಷವಲ್ಲ. ಅದರ ಸಹಾಯಕ ಬೀಟಾ ಒಂದರ ದೋಷ. ಆ ಪ್ರೋಟೀನಿನ ೧೨೧ನೆಯ ಸ್ಥಾನದಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲವಿರಬೇಕಾದಲ್ಲಿ ಟ್ರಿಪ್ಟೋಫಾನ್ ಎಂಬ ಇನ್ನೊಂದು ಬಂದು ಕುಳಿತಿತ್ತು. ಆ ಸಿಸ್ಟೀನು ಪ್ರೋಟೀನಿನ ಮಡಿಕೆಯನ್ನು ಹಿಡಿದಿಡುವ ಗುಂಡಿ. ಗುಂಡಿ ಹೋಯಿತು, ಮಡಿಕೆ ಬಿಚ್ಚಿತು, ಬೀಟಾ ತನ್ನ ಕೆಲಸಕ್ಕೆ ತಪ್ಪಿತು. ಇದೇ ದೋಷವನ್ನು ಸುಂಡಿಲಿಗಳಲ್ಲಿ ಉಂಟುಮಾಡಿ ನೋಡಿದಾಗ, ದೇಹದ ತಾಪ ಏರಿದಂತೆ ನರಕೋಶಗಳು ಮಿತಿಮೀರಿ ಉದ್ರೇಕಗೊಳ್ಳುವುದು ಕಂಡುಬಂದಿದೆ. ಒಂದೇ ಒಂದು ಅಕ್ಷರದೋಷದಿಂದ ವಾಕ್ಯದ ಅರ್ಥವೇ ಕೆಡುವುದನ್ನು ಉತ್ತರಪತ್ರಿಕೆಗಳಲ್ಲಿ ಬೇಕಾದಷ್ಟು ಕಂಡ ನನಗೆ ಇದು ಹೊಸತಾಗಿ ತೋರಲಿಲ್ಲ. ಭಯವಾದದ್ದು ಮಾತ್ರ ನಿಜ.

ಜ್ವರದ ಸೆಳೆತ ಆಸ್ಟ್ರೇಲಿಯದ ಮಾತು ಮಾತ್ರವಲ್ಲ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಒಮ್ಮೆಯಾದರೂ ಬರುವುದುಂಟು. ನಮ್ಮ ಹಿರಿಯರು ಇದನ್ನು ಬಾಲಗ್ರಹವೆಂದು ಕರೆದು ಅಂತ್ರಕ್ಕೂ ತಾಯತಕ್ಕೂ ಓಡುತ್ತಿದ್ದರು. ಇಂಥ ಮಕ್ಕಳಲ್ಲಿ ಬಹುಪಾಲು ಮಂದಿಗೆ ಯಾವ ಶಾಶ್ವತ ಕೇಡೂ ಆಗುವುದಿಲ್ಲ. ಬೆಳೆದಂತೆ ಅದು ತಾನಾಗಿ ನಿಲ್ಲುತ್ತದೆ. ಬೀಟಾದ ದೋಷವಿರುವ ಮನೆತನಗಳು ವಿರಳ. ಆದರೂ ಸೆಳೆತ ಬಂದಾಗ ಮಾಡಬೇಕಾದದ್ದು ಎಲ್ಲರಿಗೂ ಒಂದೇ: ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸುವುದು, ಬಾಯಿಗೆ ನೀರನ್ನಾಗಲಿ ಚಮಚವನ್ನಾಗಲಿ ಬೆರಳನ್ನಾಗಲಿ ಹಾಕದಿರುವುದು, ಐದು ನಿಮಿಷವಾದರೂ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯುವುದು, ಮೊದಲ ಸಲ ಬಂದಾಗ ನಿಂತರೂ ವೈದ್ಯರಿಗೆ ತೋರಿಸುವುದು. ಕೈಗೆ ಕಬ್ಬಿಣ ಕೊಡುವುದರಿಂದ ಪೊರೆಯ ಮೇಲಿನ ಬೀಟಾಕ್ಕೆ ಏನೂ ತಿಳಿಯುವುದಿಲ್ಲ.

ಇನ್ನೊಂದು ಕಥೆ ನಕ್ಷತ್ರವನ್ನು ನೋಡುವ ಸುಂಡಿಲಿಯದು. ಅಮೆರಿಕದ ಮೇಯ್ನ್ ರಾಜ್ಯದಲ್ಲಿರುವ ಜಾಕ್ಸನ್ ಪ್ರಯೋಗಶಾಲೆಯಲ್ಲಿ ಸುಂಡಿಲಿಗಳ ತಳಿಗಳನ್ನು ಸಾಕುತ್ತಾರೆ. ಅವುಗಳಲ್ಲಿ ಒಂದು ತಳಿಯ ಮರಿಗಳು ನಡೆಯುವಾಗ ತೂರಾಡುತ್ತಿದ್ದವು. ಮೇಲಿಂದ ಮೇಲೆ ತಲೆಯನ್ನು ಹಿಂದಕ್ಕೆ ಚೆಲ್ಲಿ ಆಕಾಶವನ್ನು ನೋಡುತ್ತಿರುವಂತೆ ಕಾಣುತ್ತಿದ್ದವು. ಅದರಿಂದ ಆ ತಳಿಗೆ ‘ಸ್ಟಾರ್‌ಗೇಜರ್’, ಎಂದರೆ ನಕ್ಷತ್ರವೀಕ್ಷಕ ಎಂದು ಹೆಸರಿಟ್ಟರು. ಹೆಸರು ಕಾವ್ಯಮಯ, ಸ್ಥಿತಿ ಕರುಣಾಜನಕ. ಅವುಗಳ ಮಿದುಳಿನ ವಿದ್ಯುತ್ತನ್ನು ಅಳೆದಾಗ ಗಂಟೆಗೆ ನೂರಕ್ಕೂ ಹೆಚ್ಚು ಸಲ ಎಚ್ಚರ ತಪ್ಪಿಸುವ ಮೂರ್ಛೆಯ ಅಲೆಗಳು ಕಂಡವು. ೧೯೯೮ರಲ್ಲಿ ದೋಷವುಳ್ಳ ಪ್ರೋಟೀನು ಸಿಕ್ಕಿತು. ಅದಕ್ಕೆ ಸ್ಟಾರ್‌ಗೇಜಿನ್ ಎಂದು ಹೆಸರಾಯಿತು. ಅದರ ಮುಖಚಹರೆ ಸ್ನಾಯುವಿನಲ್ಲಿರುವ ಕ್ಯಾಲ್ಸಿಯಂ ತೂಬಿನ ಸಹಾಯಕನೊಂದನ್ನು ಹೋಲುತ್ತಿದ್ದುದರಿಂದ, ಇದೂ ಕ್ಯಾಲ್ಸಿಯಂ ತೂಬಿನ ಆಳೇ ಇರಬೇಕೆಂದು ಊಹಿಸಿದರು.

ಎರಡು ವರ್ಷಗಳಲ್ಲಿ ಊಹೆ ತಲೆಕೆಳಗಾಯಿತು. ನರಕೋಶದಿಂದ ನರಕೋಶಕ್ಕೆ ಸಂದೇಶ ದಾಟುವ ಸಂಧಿಯಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಬಂದು ಕೂತೊಡನೆ ತೆರೆಯುವ ತೂಬುಗಳಿವೆ. ಅವುಗಳಲ್ಲಿ ಆಂಪಾ ಎಂಬ ಹೆಸರಿನವು ಮುಖ್ಯ. ಕ್ಯಾಲಿಫೋರ್ನಿಯದ ರೋಜರ್ ನಿಕಾಲ್ ಮತ್ತು ಡೇವಿಡ್ ಬ್ರೆಡ್ಟ್ ಅವರ ಬಳಗ ೨೦೦೦ದಲ್ಲಿ ತೋರಿಸಿದ್ದೇನೆಂದರೆ, ನಕ್ಷತ್ರವೀಕ್ಷಕ ಸುಂಡಿಲಿಯ ಕಿರುಮಿದುಳಿನ ಕೋಶಗಳು ಆಂಪಾ ತೂಬುಗಳನ್ನು ತಯಾರಿಸುತ್ತವೆ, ಆದರೆ ಅವು ಪೊರೆಗೆ ಬಂದು ಸೇರುವುದೇ ಇಲ್ಲ. ಗ್ಲುಟಮೇಟ್ ಬಂದು ಕದ ತಟ್ಟಿದರೆ ಅಲ್ಲಿ ಕದವೇ ಇಲ್ಲ! ಕೋಶಕ್ಕೆ ಸ್ಟಾರ್‌ಗೇಜಿನ್ನನ್ನು ಹಿಂದಕ್ಕೆ ಕೊಟ್ಟೊಡನೆ ತೂಬುಗಳು ಪೊರೆಯಲ್ಲಿ ಕಾಣಿಸಿಕೊಂಡವು. ಕೈಹಿಡಿದು ಕರೆತಂದು ಜಾಗದಲ್ಲಿ ನಿಲ್ಲಿಸುವುದೇ ಇದರ ಕೆಲಸವಾಗಿತ್ತು. ಮುಂದೆ, ತೂಬು ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನೂ ಅದು ತಿದ್ದುತ್ತದೆಂದು ತಿಳಿದುಬಂತು. ಇದಕ್ಕೆ ಹಲವು ಮಂದಿ ಒಡಹುಟ್ಟಿದವರೂ ಇದ್ದಾರೆ. ಮಿದುಳಿನ ಒಂದೊಂದು ಭಾಗದಲ್ಲಿ ಒಬ್ಬೊಬ್ಬರ ಕಾರುಬಾರು.

ಸಹಾಯಕನನ್ನು ಬೇರೆಯವರ ಮನೆಯ ಆಳೆಂದು ತಿಳಿದದ್ದು ಹೀಗಾದರೆ, ಆಳನ್ನೇ ಯಜಮಾನನೆಂದು ತಿಳಿದ ಪ್ರಸಂಗವೂ ಒಂದುಂಟು. ೧೯೮೮ರಲ್ಲಿ ಜಪಾನಿನಲ್ಲಿ ಸುಮಾರು ೧೩೦ ಅಮೈನೋ ಆಮ್ಲಗಳಷ್ಟೇ ಉದ್ದದ ಒಂದು ಪ್ರೋಟೀನು ಸಿಕ್ಕಿತು. ಅದನ್ನು ಕಪ್ಪೆಯ ಮೊಟ್ಟೆಗೆ ಹಾಕಿದರೆ ಪೊಟ್ಯಾಸಿಯಂ ನಿಧಾನವಾಗಿ ಹರಿಯುತ್ತಿತ್ತು. ಇಷ್ಟು ಪುಟ್ಟ ತೂಬು ಎಂದು ಎಲ್ಲರೂ ಬೆರಗಾದರು. ಎಂಟು ವರ್ಷಗಳ ಬಳಿಕ, ೧೯೯೬ರಲ್ಲಿ, ಗುಟ್ಟು ಬಯಲಾಯಿತು. ಅದು ತೂಬೇ ಅಲ್ಲ, ಸಹಾಯಕ; ನಿಜವಾದ ತೂಬು ಕಪ್ಪೆಯ ಮೊಟ್ಟೆಯಲ್ಲಿ ಮೊದಲೇ ಸದ್ದಿಲ್ಲದೆ ಕೂತಿತ್ತು! ಈ ಜೋಡಿ ನಮ್ಮ ಹೃದಯದಲ್ಲೂ ಒಳಗಿವಿಯಲ್ಲೂ ದುಡಿಯುತ್ತದೆ. ಎರಡರಲ್ಲಿ ಯಾವುದು ಪೂರಾ ಕೆಟ್ಟರೂ ಹುಟ್ಟುಕಿವುಡೂ ಎದೆಬಡಿತದ ಅಪಾಯಕರವಾದ ಏರುಪೇರೂ ಒಟ್ಟಿಗೆ ಬರುತ್ತವೆ. ರೋಗಕ್ಕೆ ಯಜಮಾನ, ಆಳು ಎಂಬ ಭೇದವಿಲ್ಲ.

ಕಾಲವನ್ನು ತಿದ್ದುವ ಸಹಾಯಕರಲ್ಲಿ ಪೊಟ್ಯಾಸಿಯಂ ತೂಬಿನ ಬೀಟಾ ವಿನೋದಕರವಾದದ್ದು. ಕೆಲವು ಪೊಟ್ಯಾಸಿಯಂ ತೂಬುಗಳು ಒಮ್ಮೆ ತೆರೆದರೆ ಬಹಳ ಹೊತ್ತು ತೆರೆದೇ ಇರುತ್ತವೆ. ಇನ್ನು ಕೆಲವು ತಮ್ಮದೇ ಸರಪಳಿಯ ತುದಿಯಲ್ಲಿರುವ ಗುಂಡಿನಂಥ ಭಾಗವನ್ನು ಒಳಗಿನಿಂದ ಬಾಯಿಗೆ ತುರುಕಿಕೊಂಡು ಮುಚ್ಚಿಕೊಳ್ಳುತ್ತವೆ. ೧೯೯೪ರಲ್ಲಿ ಕಂಡುಬಂದ ಸಂಗತಿಯೇನೆಂದರೆ, ಗುಂಡಿಲ್ಲದ ತೂಬಿಗೆ ಒಂದು ಬಗೆಯ ಬೀಟಾ ಬಂದು ಸೇರಿದರೆ ಅದು ತನ್ನ ಗುಂಡನ್ನೇ ಎರವಲು ಕೊಟ್ಟು ತೂಬನ್ನು ಬೇಗ ಮುಚ್ಚಿಸುತ್ತದೆ. ಸುದ್ದಿ ಮುಟ್ಟಿಸುವವರಲ್ಲಿ ಕ್ಯಾಲ್ಮೊಡ್ಯುಲಿನ್ ಪ್ರಸಿದ್ಧ. ಇದು ಕ್ಯಾಲ್ಸಿಯಂ ತೂಬಿನ ಒಳಬದಿಗೆ ಸದಾ ಅಂಟಿಕೊಂಡಿರುತ್ತದೆ. ನಾಲ್ಕು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿಯಬಲ್ಲದು. ತೂಬಿನಿಂದ ಒಳನುಗ್ಗಿದ ಕ್ಯಾಲ್ಸಿಯಂ ಮೊದಲು ಇದರ ಕೈಗೆ ಸಿಗುತ್ತದೆ. ಕೈತುಂಬಿದೊಡನೆ ಇದು ಸಾಕೆಂದು ತೂಬನ್ನು ಮುಚ್ಚಿಸುತ್ತದೆ. ಗದ್ದೆಗೆ ನೀರು ತುಂಬಿದ್ದನ್ನು ನೋಡಿ ತೂಬನ್ನು ಇಳಿಸುವ ನೀರುಗಂಟಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ತೋರದು.

ಈಗ ಮೊದಲು ಹೇಳಿದ ಉತ್ತರಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನನಗೆ ಸರ್ಪಸುತ್ತು ಬಂತು. ಗುಳ್ಳೆಗಳು ಎರಡು ಮೂರು ವಾರಗಳಲ್ಲಿ ಒಣಗಿದವು. ಎಡಪಕ್ಕೆಯ ಉರಿ ಮಾತ್ರ ಒಣಗಲಿಲ್ಲ. ಜುಬ್ಬದ ಬಟ್ಟೆ ಸೋಕಿದರೆ ಕಾದ ಕಬ್ಬಿಣ ಸೋಕಿದಂತೆ. ಚರ್ಮದ ಮೇಲೆ ಗಾಯವೇ ಇಲ್ಲ. ಆದ್ದರಿಂದ ನೋವಿದೆಯೆಂದು ಯಾರನ್ನು ನಂಬಿಸುವುದೂ ಕಷ್ಟ. ವೈದ್ಯರು ಬರೆದುಕೊಟ್ಟದ್ದು ಗಾಬಾಪೆಂಟಿನ್ ಎಂಬ ಗುಳಿಗೆ. ಇದು ಮೂರ್ಛೆರೋಗದ ಔಷಧವಲ್ಲವೇ ಎಂದು ಪೊಟ್ಟಣದೊಳಗಣ ಕಾಗದವನ್ನು ಓದಿ ಕೇಳಿದೆ. ಹೌದು, ನೋವಿಗೂ ಆಗುತ್ತದೆ ಎಂದರು. ಹೇಗೆ ಆಗುತ್ತದೆ ಎಂಬುದನ್ನು ಹುಡುಕಿಕೊಂಡು ಹೋದವನು ಈ ಸಹಾಯಕರ ಲೋಕಕ್ಕೆ ಬಂದು ಮುಟ್ಟಿದೆ.

ಆ ಔಷಧದ ಚರಿತ್ರೆ ಬಲು ಸ್ವಾರಸ್ಯವಾದದ್ದು. ಮಿದುಳಿನಲ್ಲಿ ಉದ್ರೇಕವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕವಿದೆ. ಅದನ್ನು ಹೋಲುವಂತೆ ಬೇಕೆಂದೇ ರಚಿಸಿದ್ದರಿಂದ ಗಾಬಾಪೆಂಟಿನ್ ಎಂದು ಹೆಸರಾಯಿತು. ೧೯೯೩ರಲ್ಲಿ ಅಮೆರಿಕದಲ್ಲಿ ಮೂರ್ಛೆರೋಗಕ್ಕೆ ಅನುಮತಿಯೂ ದೊರೆಯಿತು. ಆದರೆ ಪರೀಕ್ಷಿಸಿದರೆ, ಅದು ಗಾಬಾ ಕೂರುವ ಪೀಠದ ಹತ್ತಿರವೂ ಸುಳಿಯುತ್ತಿರಲಿಲ್ಲ. ಹಾಗಾದರೆ ಎಲ್ಲಿ ಕೂರುತ್ತದೆ? ೧೯೯೬ರಲ್ಲಿ ಹಂದಿಯ ಮಿದುಳಿನಿಂದ ಅದರ ಪೀಠವನ್ನು ಬೇರ್ಪಡಿಸಿ ನೋಡಿದಾಗ, ಅದು ಕ್ಯಾಲ್ಸಿಯಂ ತೂಬಿನ ಆಲ್ಫಾ-ಎರಡು-ಡೆಲ್ಟಾ ಎಂಬ ಸಹಾಯಕನೆಂದು ತಿಳಿಯಿತು. ಔಷಧವನ್ನು ಮೊದಲು ಕೊಟ್ಟು, ಅದು ಏಕೆ ಕೆಲಸ ಮಾಡುತ್ತದೆಂದು ಆಮೇಲೆ ಕಲಿತದ್ದಕ್ಕೆ ಇದೊಂದು ನಿದರ್ಶನ.

ಈ ಸಹಾಯಕನ ಕೆಲಸ ಕ್ಯಾಲ್ಸಿಯಂ ತೂಬುಗಳನ್ನು ನರದ ತುದಿಗೆ ಸಾಗಿಸುವುದು. ಆ ತುದಿಯಲ್ಲಿ ಕ್ಯಾಲ್ಸಿಯಂ ಒಳಗೆ ಬಂದರೇನೇ ಮುಂದಿನ ಕೋಶಕ್ಕೆ ರಾಸಾಯನಿಕ ಹೊರಬೀಳುವುದು. ನರಕ್ಕೆ ಗಾಯವಾದಾಗ ನೋವಿನ ಸುದ್ದಿ ಒಯ್ಯುವ ಕೋಶಗಳು ಈ ಸಹಾಯಕನನ್ನು ಮಿತಿಮೀರಿ ತಯಾರಿಸುವುದನ್ನು ಇಲಿಗಳಲ್ಲಿ ಕಂಡಿದ್ದಾರೆ. ಸಹಾಯಕರು ಹೆಚ್ಚಿದರೆ ತುದಿಯಲ್ಲಿ ತೂಬುಗಳು ಹೆಚ್ಚುತ್ತವೆ. ತೂಬುಗಳು ಹೆಚ್ಚಿದರೆ ಸುದ್ದಿ ಹೆಚ್ಚುತ್ತದೆ. ಬಟ್ಟೆ ಸೋಕಿದ್ದು ಬೆಂಕಿ ಸೋಕಿದಂತಾಗುತ್ತದೆ. ಗಾಬಾಪೆಂಟಿನ್ ತೂಬಿನ ಬಾಯಿಗೆ ಬಿರಡೆ ಹಾಕುವುದಿಲ್ಲ. ಸಾಗಣೆಯನ್ನು ತಗ್ಗಿಸುತ್ತದೆ. ಲಂಡನ್ನಿನ ಆನೆಟ್ ಡಾಲ್ಫಿನ್ ಅವರ ಬಳಗ ೨೦೦೮ರಲ್ಲಿ ಇದನ್ನು ಕೋಶಗಳಲ್ಲಿ ತೋರಿಸಿತು: ಔಷಧವನ್ನು ಹಾಕಿದ ಕ್ಷಣದಲ್ಲಿ ವಿದ್ಯುತ್ತಿಗೆ ಏನೂ ಆಗುವುದಿಲ್ಲ, ಬಹು ಹೊತ್ತು ಇಟ್ಟ ಮೇಲೆ ಅದು ಕುಗ್ಗುತ್ತದೆ. ಇದಕ್ಕೂ ಮೊದಲು, ೨೦೦೬ರಲ್ಲಿ, ಈ ಸಹಾಯಕನಲ್ಲಿ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿದ ಸುಂಡಿಲಿಗಳಿಗೆ, ಗಾಬಾಪೆಂಟಿನ್ನಿನ ತಮ್ಮನಾದ ಪ್ರೀಗಾಬಲಿನ್ನನ್ನು ಕೊಟ್ಟು ನೋಡಿದ್ದರು. ಅವುಗಳ ನೋವು ತಗ್ಗಲಿಲ್ಲ. ಔಷಧ ನೋವನ್ನು ತಗ್ಗಿಸುವುದು ಈ ಸಹಾಯಕನ ಮೂಲಕವೇ ಎಂಬುದಕ್ಕೆ ಇದಕ್ಕಿಂತ ಖಚಿತವಾದ ಸಾಕ್ಷ್ಯ ಬೇಡ.

ಔಷಧವನ್ನು ಹೊಗಳಿ ಮಾತು ಮುಗಿಸುವುದು ನ್ಯಾಯವಲ್ಲ. ಸರ್ಪಸುತ್ತಿನ ಬಳಿಕ ಉಳಿಯುವ ನೋವಿಗೆ ಗಾಬಾಪೆಂಟಿನ್ ತೆಗೆದುಕೊಂಡವರಲ್ಲಿ ಹತ್ತಕ್ಕೆ ಸುಮಾರು ಮೂವರಿಗೆ ನೋವು ಅರ್ಧಕ್ಕಾದರೂ ಇಳಿಯುತ್ತದೆ. ಔಷಧವಿಲ್ಲದ ಹುಸಿಗುಳಿಗೆ ನುಂಗಿದವರಲ್ಲಿಯೂ ಹತ್ತಕ್ಕೆ ಒಬ್ಬಿಬ್ಬರಿಗೆ ಹಾಗಾಗುವುದುಂಟು. ನಾನು ಆ ಮೂವರಲ್ಲಿ ಒಬ್ಬ. ಮಂಪರು, ತಲೆಸುತ್ತು ಬರುತ್ತವೆ. ಮೂತ್ರಪಿಂಡ ದುರ್ಬಲವಾದವರಿಗೆ ಪ್ರಮಾಣ ತಗ್ಗಿಸಬೇಕು. ವೈದ್ಯರನ್ನು ಕೇಳದೆ ತೊಡಗುವುದೂ ತಪ್ಪು, ಇದ್ದಕ್ಕಿದ್ದಂತೆ ನಿಲ್ಲಿಸುವುದೂ ತಪ್ಪು.

ಸಹಾಯಕನ ಮೂಲಕ ಔಷಧ ಕೊಡುವುದರಲ್ಲಿ ಒಂದು ಲಾಭವಿದೆ. ಒಂದೇ ಬಗೆಯ ತೂಬು ಮಿದುಳಿನ ಉದ್ದಗಲಕ್ಕೂ ಇರುತ್ತದೆ; ಅದನ್ನು ಮುಚ್ಚಿದರೆ ಎಲ್ಲ ಕಡೆಯೂ ಮುಚ್ಚುತ್ತದೆ. ಆದರೆ ಸಹಾಯಕರು ಕೇರಿ ಕೇರಿಗೆ ಬೇರೆ. ಸ್ಟಾರ್‌ಗೇಜಿನ್ನಿನ ಒಡಹುಟ್ಟಿದವರಲ್ಲಿ ಗಾಮಾ-ಎಂಟು ಎಂಬುದೊಂದಿದೆ. ಅದು ಮುಮ್ಮಿದುಳಿನಲ್ಲಿ, ಅದರಲ್ಲೂ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್‌ನಲ್ಲಿ ಹೇರಳ, ಕಿರುಮಿದುಳಿನಲ್ಲಿ ಅತ್ಯಲ್ಪ. ಗಾಮಾ-ಎಂಟು ಜೊತೆಗಿರುವ ಆಂಪಾ ತೂಬುಗಳನ್ನು ಮಾತ್ರ ತಡೆದು ಉಳಿದವನ್ನು ಬಿಟ್ಟುಬಿಡುವ ವಸ್ತುವೊಂದನ್ನು ೨೦೧೬ರಲ್ಲಿ ವರದಿ ಮಾಡಿದರು. ಪ್ರಾಣಿಗಳಲ್ಲಿ ಅದು ಮೂರ್ಛೆಯನ್ನು ತಡೆಯಿತು. ಕಿರುಮಿದುಳನ್ನು ಮುಟ್ಟದಿದ್ದುದರಿಂದ ನಡಿಗೆ ತೂರಾಡಲಿಲ್ಲ. ಈ ದಾರಿಯ ಔಷಧಗಳನ್ನು ಮನುಷ್ಯರಲ್ಲಿ ಪರೀಕ್ಷಿಸುವ ಕೆಲಸ ನಡೆದಿದೆ. ಮೂರ್ಛೆ ನಿಲ್ಲಬೇಕಾದರೆ ಮಂಪರನ್ನು ಸಹಿಸಲೇಬೇಕು ಎಂಬ ನಿಯಮ ಸಡಿಲವಾದರೆ, ಶಾಲೆಗೆ ಹೋಗುವ ಎಷ್ಟೋ ಮಕ್ಕಳ ಬಾಳು ಹಗುರವಾಗುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ‘ಸಹಾಯಕ’ ಎಂಬ ಮಾತಿನ ಮೇಲೆಯೇ ನನಗೆ ಸಂಶಯ ಬಂದಿದೆ. ಆ ಹೆಸರನ್ನು ಇಟ್ಟದ್ದು ನರಕೋಶವಲ್ಲ, ಪ್ರಯೋಗಶಾಲೆ. ಗಾಳಕ್ಕೆ ಬಿದ್ದ ಎರಡರಲ್ಲಿ ದೊಡ್ಡದನ್ನು ಮುಖ್ಯವೆಂದೂ ಸಣ್ಣದನ್ನು ಅಮುಖ್ಯವೆಂದೂ ತೂಕದಿಂದ ತೀರ್ಮಾನಿಸಿದೆವು. ಜ್ವರದಲ್ಲಿ ಸೆಟೆದುಕೊಳ್ಳುವ ಮಗುವಿನ ಮಿದುಳಿನಲ್ಲಿ ಆ ತೀರ್ಮಾನಕ್ಕೆ ಬೆಲೆಯಿಲ್ಲ. ತೂಬು ಎಷ್ಟೇ ಭದ್ರವಾಗಿರಲಿ, ಅದನ್ನು ಹೊತ್ತಿಗೆ ಸರಿಯಾಗಿ ಮುಚ್ಚುವವರು ಇಲ್ಲದಿದ್ದರೆ ಕೆಳಗಿನ ಗದ್ದೆಗೆ ಬರುವುದು ನೀರಲ್ಲ, ನೆರೆ.

(ಬಾನುಲಿ ಭಾಷಣ)